ಹೊರಗೋಡೆಯ ಕೊಳವೆಗಳು: ಬ್ರಿಟನ್ನಿನ ಚಳಿಗಾಲ ಮತ್ತು ಮನೆಯ ನೀರು

ಚಳಿಗಾಲದಲ್ಲಿ ಮನೆಯ ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆಯುವ ತೊಂದರೆ ಅತಿಶೀತದ ದೇಶಗಳಿಗೆ ಸೇರಿದ್ದೆಂದು ಮೇಲುನೋಟಕ್ಕೆ ತೋರುತ್ತದೆಯಾದರೂ, ಇದರ ಚರಿತ್ರೆಯನ್ನು ಅರಿಯಬೇಕಾದವರು ನೋಡಬೇಕಾದುದು ಅಷ್ಟೇನೂ ಕಠಿಣವಲ್ಲದ ಚಳಿಯ ಬ್ರಿಟನ್ನನ್ನು. ಕೆನಡಾದ ವಿನಿಪೆಗ್‌ನಂಥ ನಗರದಲ್ಲಿ ಬೀದಿಯ ಮುಖ್ಯ ಕೊಳವೆಗಳನ್ನು ಎರಡು ಮೀಟರಿಗೂ ಹೆಚ್ಚು ಆಳದಲ್ಲಿ ಹೂಳುತ್ತಾರೆ. ಮನೆಯೊಳಗಿನ ಕೊಳವೆಗಳೆಲ್ಲ ಬೆಚ್ಚಗಿರುವ ಭಾಗದಲ್ಲೇ ಹಾಯುತ್ತವೆ. ಪ್ರತಿವರ್ಷವೂ ತಪ್ಪದೆ ಬರುವ ಶತ್ರುವಿಗೆ ಪ್ರತಿವರ್ಷವೂ ಸಿದ್ಧವಿರುವ ಮನೆ ಅಲ್ಲಿಯದು. ಬ್ರಿಟನ್ನಿನಲ್ಲಿ ಹಾಗಲ್ಲ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಗಾಳಿಯಿಂದಾಗಿ ಅಲ್ಲಿಯ ಚಳಿಗಾಲ ಸಾಮಾನ್ಯವಾಗಿ ತೇವದ್ದು, ಮಂಕಾದದ್ದು, ಹೆಪ್ಪುಗಟ್ಟುವ ಮಟ್ಟಕ್ಕಿಂತ ತುಸು ಮೇಲೆಯೇ ಉಳಿಯುವಂಥದ್ದು. ವಾರಗಟ್ಟಲೆ ಬಿಡದ ಕಡುಚಳಿ ಒಂದು ತಲೆಮಾರಿನಲ್ಲಿ ಎರಡು ಮೂರು ಸಲ ಬಂದರೆ ಹೆಚ್ಚು. ಆದ್ದರಿಂದ ಮನೆ ಕಟ್ಟುವವರು ಸಾಮಾನ್ಯ ವರ್ಷವನ್ನು ಕಣ್ಣಮುಂದಿಟ್ಟುಕೊಂಡು ಕಟ್ಟಿದರು. ಅಸಾಮಾನ್ಯ ವರ್ಷದ ಹೊಣೆಯನ್ನು ಮನೆಯಲ್ಲಿ ವಾಸಿಸುವವರ ಎಚ್ಚರಕ್ಕೆ ಬಿಟ್ಟರು. ಚಳಿಗಾಲದ ಮುಂಜಾಗ್ರತೆ ಎಂಬ ಹೆಸರಿನಲ್ಲಿ ಅಲ್ಲಿ ಒಂದೂವರೆ ಶತಮಾನ ಪ್ರಚಾರದಲ್ಲಿದ್ದ ಬುದ್ಧಿಮಾತುಗಳ ಬಹುಪಾಲು, ಮನೆಯ ರಚನೆಯಲ್ಲಿ ಉಳಿದುಹೋದ ದೋಷವನ್ನು ಮನೆಯಾಕೆಯ ದಿನಚರಿಯಿಂದ ಸರಿದೂಗಿಸುವ ಪ್ರಯತ್ನವೇ ಆಗಿತ್ತು.

ಕೊಳವೆ ಒಡೆಯುವ ಬಗೆಯನ್ನು ಮೊದಲು ತಿಳಿಯುವುದು ಅಗತ್ಯ, ಏಕೆಂದರೆ ಈ ವಿಷಯದ ತಪ್ಪು ತಿಳಿವಳಿಕೆಗಳಿಗೂ ದೀರ್ಘವಾದ ಇತಿಹಾಸವಿದೆ. ನೀರು ತಣ್ಣಗಾಗುತ್ತ ಸುಮಾರು 4 ಡಿಗ್ರಿ ಸೆಲ್ಸಿಯಸ್‌ವರೆಗೆ ಕುಗ್ಗಿ, ಅಲ್ಲಿಂದ ಕೆಳಕ್ಕೆ ಮತ್ತೆ ಹಿಗ್ಗತೊಡಗುತ್ತದೆ. ಮಂಜುಗಡ್ಡೆಯಾದಾಗ ಅದರ ಗಾತ್ರ ಸುಮಾರು ನೂರಕ್ಕೆ 9ರಷ್ಟು ಹೆಚ್ಚುತ್ತದೆ. ಹಿಗ್ಗಿದ ಗಡ್ಡೆ ತಾನಿರುವ ಜಾಗದಲ್ಲೇ ಕೊಳವೆಯನ್ನು ಸೀಳುತ್ತದೆ ಎಂಬುದು ಹಳೆಯ ನಂಬಿಕೆ. ವಾಸ್ತವದಲ್ಲಿ ಗಡ್ಡೆ ಮೊದಲು ಕೊಳವೆಗೆ ಬಿರಡೆಯಂತೆ ಕೂರುತ್ತದೆ. ಅನಂತರ ಅದು ಬೆಳೆದಂತೆಲ್ಲ, ಬಿರಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರು ಹೋಗಲು ದಾರಿಯಿಲ್ಲದೆ ಒತ್ತಲ್ಪಟ್ಟು, ಅದರ ಒತ್ತಡ ಎಷ್ಟೋ ಪಟ್ಟು ಏರಿ, ಕೊಳವೆಯ ಅತಿ ದುರ್ಬಲವಾದ ಜಾಗ ಬಿರಿಯುತ್ತದೆ. ಆ ಜಾಗದಲ್ಲಿ ಮಂಜುಗಡ್ಡೆಯೇ ಇಲ್ಲದಿರಬಹುದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗಗಳು ಇದನ್ನು ಸ್ಪಷ್ಟವಾಗಿ ತೋರಿಸಿದವು; ಹೊದಿಕೆಯಿಲ್ಲದೆ ಅಟ್ಟದಲ್ಲಿ ಹಾಯುವ ಕೊಳವೆಗಳಿಗೆ ಹೊರಗಿನ ಉಷ್ಣತೆ ಸುಮಾರು ಮೈನಸ್ 7 ಡಿಗ್ರಿಗೆ ಇಳಿದಾಗ ಅಪಾಯ ಶುರುವಾಗುತ್ತದೆ ಎಂಬ ಅಂದಾಜೂ ಅಲ್ಲಿಂದಲೇ ಬಂದದ್ದು. ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಹಳೆಯದು, ಹಟಮಾರಿಯೂ ಹೌದು: ಕೊಳವೆಗಳು ಒಡೆಯುವುದು ಮಂಜು ಕರಗುವಾಗ ಎಂಬುದು. ಕೊಳವೆ ಸೀಳುವುದು ಕಡುಚಳಿಯ ರಾತ್ರಿಯಲ್ಲೇ. ಆದರೆ ಸೀಳಿಗೆ ಗಡ್ಡೆಯೇ ಅಡ್ಡ ನಿಂತಿರುವಷ್ಟು ಹೊತ್ತು ಒಂದು ಹನಿಯೂ ಸೋರದೆ, ಹವೆ ಬೆಚ್ಚಗಾದ ದಿನ ಮಾಳಿಗೆಯಿಂದ ನೀರು ಸುರಿಯತೊಡಗುವುದರಿಂದ, ಮನೆಯವರು ಅಪವಾದವನ್ನು ಬಿಸಿಲಿನ ಮೇಲೆ ಹೊರಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೈಪಿಡಿಗಳು ಈ ಭ್ರಮೆಯನ್ನು ತಿದ್ದಲು ಹೆಣಗಿದ್ದು ಸುಮ್ಮನಲ್ಲ: ಕೇಡು ಕರಗುವಾಗ ಆಗುತ್ತದೆಂದು ನಂಬಿದವನು ಚಳಿ ಬೀಳುವ ಮೊದಲು ಏನನ್ನೂ ಮಾಡುವುದಿಲ್ಲ.

ಲಂಡನ್ನಿನ ಮನೆಗಳಿಗೆ ಕೊಳವೆಯ ನೀರು ವ್ಯಾಪಕವಾಗಿ ಬರತೊಡಗಿದ್ದು 1613ರಲ್ಲಿ ಹ್ಯೂ ಮಿಡಲ್ಟನ್ ಪೂರ್ಣಗೊಳಿಸಿದ ನ್ಯೂ ರಿವರ್ ಎಂಬ ಕಾಲುವೆಯ ನಂತರ. ಹರ್ಟ್‌ಫರ್ಡ್‌ಶೈರಿನ ಊಟೆಗಳಿಂದ ಇಸ್ಲಿಂಗ್ಟನ್ನಿನವರೆಗೆ ತೆರೆದ ಕಾಲುವೆಯಲ್ಲಿ ಬಂದ ನೀರು, ಅಲ್ಲಿಂದ ಮುಂದೆ ಎಲ್ಮ್ ಮರದ ದಿಮ್ಮಿಗಳ ನಡುವೆ ಕೊರೆದು ಮಾಡಿದ ಕೊಳವೆಗಳಲ್ಲಿ ಬೀದಿಗಳಿಗೆ ಹರಿಯುತ್ತಿತ್ತು; ಬೀದಿಯ ಮರದ ಕೊಳವೆಯಿಂದ ಮನೆಯ ತೊಟ್ಟಿಗೆ ಸಣ್ಣದೊಂದು ಸೀಸದ ಕೊಳವೆ. ಮರದ ಕೊಳವೆಗಳು ಧಾರಾಳವಾಗಿ ಸೋರುತ್ತಿದ್ದುದರಿಂದಲೂ ಒತ್ತಡ ತಾಳಲಾರದ್ದರಿಂದಲೂ ನೀರನ್ನು ಸರದಿಯ ಮೇಲೆ ದಿನಕ್ಕೆ ಕೆಲವೇ ಗಂಟೆ ಬಿಡುತ್ತಿದ್ದರು. ಈ ಕೊರತೆಯ ವ್ಯವಸ್ಥೆಯಲ್ಲಿ ಚಳಿಯ ಮಟ್ಟಿಗೆ ಯಾರೂ ಉದ್ದೇಶಿಸದ ಒಂದು ಲಾಭವಿತ್ತು: ದಿನದ ಬಹುಭಾಗ ಬೀದಿಯ ಕೊಳವೆಯಲ್ಲಿ ಒತ್ತಡವಿಲ್ಲದ್ದರಿಂದ ಮನೆಯ ಕೊಳವೆ ಒಡೆದರೂ ಪ್ರವಾಹವಾಗುತ್ತಿರಲಿಲ್ಲ, ತೊಟ್ಟಿಯಲ್ಲಿ ಒಂದೆರಡು ದಿನದ ನೀರು ಹೇಗೂ ಇರುತ್ತಿತ್ತು. ಥೇಮ್ಸ್ ನದಿ ಗಟ್ಟಿಯಾಗಿ ಅದರ ಮೇಲೆ ಕೊನೆಯ ಸಲ ಜಾತ್ರೆ ನೆರೆದ 1814ರ ಚಳಿಗಾಲದ ಹೊತ್ತಿಗೆ ನಗರದಲ್ಲಿ ಮರ ಹೋಗಿ ಎರಕದ ಕಬ್ಬಿಣ ಬರತೊಡಗಿತ್ತು. ಕಬ್ಬಿಣ ಬಂದ ಮೇಲೆ ಒತ್ತಡ ಹೆಚ್ಚಿಸಬಹುದಾಯಿತು, ಮೇಲಿನ ಮಹಡಿಗಳಿಗೂ ನೀರು ಏರಿಸಬಹುದಾಯಿತು, ಕೊಳವೆಗಳು ಮನೆಯ ಉದ್ದಗಲಕ್ಕೂ ಹಬ್ಬಿದವು.

1871ರ ಕಾಯಿದೆಯು ಖಾಸಗಿ ಕಂಪನಿಗಳಿಂದ ನಿರಂತರ ಪೂರೈಕೆಯನ್ನು, ಎಂದರೆ ಹಗಲಿರುಳೂ ಒತ್ತಡವಿರುವ ಪೂರೈಕೆಯನ್ನು, ಕೇಳಿ ಪಡೆಯುವ ದಾರಿಯನ್ನು ಲಂಡನ್ನಿಗೆ ತೆರೆಯಿತು. ಆರೋಗ್ಯದ ದೃಷ್ಟಿಯಿಂದ ಇದು ನಿಸ್ಸಂದೇಹವಾಗಿ ಸುಧಾರಣೆಯೇ. ಕೊಳಕು ತೊಟ್ಟಿಯಲ್ಲಿ ನಿಂತ ನೀರಿಗಿಂತ ನಲ್ಲಿಯಿಂದ ನೇರವಾಗಿ ಬರುವ ನೀರು ಮೇಲು. ಆದರೆ ಬಡವರ ಬಾಡಿಗೆಮನೆಗಳಲ್ಲಿ ಮಾಲೀಕರು ಇದೇ ಸುಳುವೆಂದು ತೊಟ್ಟಿಗಳನ್ನು ಕಿತ್ತುಹಾಕಿದರು. ಕಾಪಿಡುವ ನೀರಿಲ್ಲ, ಕೊಳವೆ ಮಾತ್ರ ಸದಾ ತುಂಬಿರುತ್ತದೆ. ಹೆಪ್ಪುಗಟ್ಟಲು ಇದಕ್ಕಿಂತ ಅನುಕೂಲವಾದ ಏರ್ಪಾಡು ಬೇರೊಂದಿಲ್ಲವೆಂಬುದು ಇಪ್ಪತ್ತನಾಲ್ಕು ವರ್ಷಗಳ ನಂತರ ಗೊತ್ತಾಯಿತು.

ಈ ಕಾಲದ ಮನೆಗೊಳವೆ ಸೀಸದ್ದು. ಸೀಸ ಮೃದುವಾದ ಲೋಹ. ಮೂಲೆಗೆ ಬಂದರೆ ಕೈಯಿಂದಲೇ ಬಗ್ಗಿಸಬಹುದು, ಕಟ್ಟಡ ತುಸು ಕುಸಿದರೂ ಅದರೊಡನೆ ಬಾಗುತ್ತದೆ. ಚಳಿಗೂ ಅದರದು ಒಂದು ಬಗೆಯ ಸಹನೆ: ಮೊದಲ ಸಲ ಹೆಪ್ಪುಗಟ್ಟಿದಾಗ ಒಡೆಯದೆ ಉಬ್ಬುತ್ತದೆ. ಆದರೆ ಉಬ್ಬಿದ್ದು ಮತ್ತೆ ಕುಗ್ಗುವುದಿಲ್ಲ. ಮುಂದಿನ ಚಳಿಗೆ ಅಲ್ಲೇ ಇನ್ನಷ್ಟು ತೆಳುವಾಗಿ, ಕೊನೆಗೊಂದು ರಾತ್ರಿ ಉದ್ದಕ್ಕೆ ಸೀಳುಬಿಟ್ಟುಕೊಳ್ಳುತ್ತದೆ. ಆದ್ದರಿಂದ ಅನುಭವಿ ಕೆಲಸಗಾರನು ಕೊಳವೆಯ ಮೇಲೆ ಕೈಯಾಡಿಸಿಯೇ ಯಾವ ಉಬ್ಬು ಮುಂದೆ ಕೈಕೊಡುತ್ತದೆಂದು ಊಹಿಸಬಲ್ಲವನಾಗಿದ್ದನು. ಒಡೆದ ತುಂಡನ್ನು ಕತ್ತರಿಸಿ ತೆಗೆದು ಹೊಸ ತುಂಡನ್ನು ಕೂಡಿಸುವ ವಿಧಾನವೇ ಈ ಕಸುಬಿನ ಗುರುತು. ಎರಡು ತುದಿಗಳಲ್ಲಿ ಒಂದನ್ನು ಮರದ ಗೂಟದಿಂದ ಅಗಲಿಸಿ, ಇನ್ನೊಂದನ್ನು ಹೆರೆದು ಚೂಪುಮಾಡಿ, ಒಂದರೊಳಗೊಂದು ಕೂರಿಸುತ್ತಿದ್ದರು. ಬೆಸುಗೆ ಹತ್ತಬಾರದ ಜಾಗಕ್ಕೆಲ್ಲ ದೀಪದ ಕಾಡಿಗೆ ಮತ್ತು ಅಂಟು ಸೇರಿಸಿ ಕುದಿಸಿದ ಕಪ್ಪು ಬಳಿದು, ಬೆಸುಗೆ ಹತ್ತಬೇಕಾದ ಜಾಗವನ್ನು ಹೊಳೆಯುವಂತೆ ಹೆರೆದು, ಅದು ಮತ್ತೆ ಮಂಕಾಗದಂತೆ ಪ್ರಾಣಿಯ ಕೊಬ್ಬನ್ನು ಸವರುತ್ತಿದ್ದರು. ಎರಡು ಪಾಲು ಸೀಸಕ್ಕೆ ಒಂದು ಪಾಲು ತವರ ಬೆರೆಸಿದ ಬೆಸುಗೆಯನ್ನು ಅದರ ಮೇಲೆ ಸುರಿದು, ಕೊಬ್ಬಿನಲ್ಲಿ ಅದ್ದಿದ ದಪ್ಪ ಬಟ್ಟೆಯ ಮಡಿಕೆಯನ್ನು ಅಂಗೈಯಲ್ಲಿ ಹಿಡಿದು ಸುತ್ತ ಒರೆಸುತ್ತ, ನಡುವೆ ದಪ್ಪ, ಎರಡೂ ಅಂಚಿಗೆ ತೆಳುವಾದ ನುಣುಪು ಗಂಟೊಂದನ್ನು ರೂಪಿಸುತ್ತಿದ್ದರು. ಈ ಪ್ರಮಾಣದ ಮಿಶ್ರಣ ಒಮ್ಮೆಲೇ ಗಟ್ಟಿಯಾಗದೆ, ಸುಮಾರು 250 ಡಿಗ್ರಿಯಿಂದ 183 ಡಿಗ್ರಿಯವರೆಗೆ ಇಳಿಯುವಷ್ಟು ಹೊತ್ತು ಮುದ್ದೆಯಾಗಿಯೇ ಇರುತ್ತದೆ ಎಂಬುದರ ಮೇಲೆ ಇಡೀ ಕೌಶಲ ನಿಂತಿತ್ತು. ಇಂಥ ಒಂದು ಗಂಟಿಗೆ ನುರಿತ ಕೈ ಬೇಕು, ಹೊತ್ತು ಬೇಕು, ಬೆಂಕಿ ಬೇಕು. ಒಂದೇ ರಾತ್ರಿಯಲ್ಲಿ ನಗರದ ಸಾವಿರಾರು ಮನೆಗಳ ಕೊಳವೆ ಸೀಳಿದಾಗ ದುರಸ್ತಿ ವಾರಗಟ್ಟಲೆ ಹಿಡಿಯುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ನೀರು ತರುವ ಕೊಳವೆಯ ಕಥೆ ಇದಾದರೆ, ನೀರು ಹೊರಹಾಕುವ ಕೊಳವೆಯದು ಇನ್ನಷ್ಟು ವಿಚಿತ್ರವಾದುದು. ಬ್ರಿಟನ್ನಿನ ಹಳೆಯ ಮನೆಗಳ ಹಿಂಬದಿಯನ್ನು ಕಂಡವರಿಗೆ, ಇಟ್ಟಿಗೆಯ ಗೋಡೆಯ ಮೇಲೆ ಕವಲೊಡೆದು ಇಳಿಯುವ ಕಬ್ಬಿಣದ ಕೊಳವೆಗಳ ಜಾಲ ಪರಿಚಿತ. ಬಚ್ಚಲ ನೀರು, ಅಡುಗೆಮನೆಯ ನೀರು, ಶೌಚದ ಕೊಳವೆ ಎಲ್ಲವೂ ಹೊರಗೆ. ಇದು ಅಜಾಗರೂಕತೆಯಿಂದಾದುದಲ್ಲ, ಅತಿಜಾಗರೂಕತೆಯಿಂದಾದುದು. ರೋಗಗಳು ದುರ್ಗಂಧದಿಂದ ಹರಡುತ್ತವೆ ಎಂಬ, ವೈದ್ಯರೂ ಎಂಜಿನಿಯರರೂ ಸಮಾನವಾಗಿ ಹಿಡಿದುಕೊಂಡಿದ್ದ ನಂಬಿಕೆಯ ಕಾಲದಲ್ಲಿ, ಒಳಚರಂಡಿಯ ಗಾಳಿ ಕೊಳವೆಯ ಮೂಲಕ ಮಲಗುವ ಕೋಣೆಗೆ ನುಸುಳುತ್ತದೆ ಎಂಬುದು ವಿಕ್ಟೋರಿಯನ್ ಗೃಹಸ್ಥನ ದೊಡ್ಡ ಭಯವಾಗಿತ್ತು. 1871ರ ಕೊನೆಯಲ್ಲಿ ಯುವರಾಜ ಎಡ್ವರ್ಡ್ ವಿಷಮಶೀತಜ್ವರದಿಂದ ಸಾಯುವ ಸ್ಥಿತಿಗೆ ಹೋಗಿ ಬದುಕಿದಾಗ, ಅವನು ತಂಗಿದ್ದ ಸ್ಕಾರ್‌ಬರೋದ ಮನೆಯೊಂದರ ಚರಂಡಿಯ ಮೇಲೆ ಶಂಕೆ ಬಿದ್ದು, ಈ ಭಯ ದೇಶದ ಭಯವೇ ಆಯಿತು. 1877ರಲ್ಲಿ ಪ್ರಕಟವಾದ ಎಸ್. ಸ್ಟೀವನ್ಸ್ ಹೆಲಿಯರ್‌ನ ‘ದಿ ಪ್ಲಂಬರ್ ಅಂಡ್ ಸ್ಯಾನಿಟರಿ ಹೌಸಸ್’ ಇಡೀ ಒಂದು ಪೀಳಿಗೆಯ ಕೆಲಸಗಾರರಿಗೆ ಪಠ್ಯವಾಗಿ, ಕೊಳವೆಗೆ ನೀರಿನ ತಡೆ, ಗಾಳಿಯ ಹಾದಿ ಮುಂತಾದ ಏರ್ಪಾಡುಗಳನ್ನು ಕಲಿಸಿತು. ಸ್ಥಳೀಯ ನಿಯಮಗಳು ಶೌಚದ ಕೊಳವೆ ಮನೆಯ ಹೊರಗೋಡೆಯ ಮೇಲೆಯೇ ಇರಬೇಕೆಂದು ವಿಧಿಸಿದವು. ಕಾಲರಾ ಮತ್ತು ವಿಷಮಶೀತಜ್ವರಗಳು ನೀರಿನಿಂದ ಹರಡುತ್ತವೆ, ಗಾಳಿಯಿಂದಲ್ಲ ಎಂಬುದು ಸಿದ್ಧವಾದ ಎಷ್ಟೋ ವರ್ಷಗಳ ನಂತರವೂ ಈ ನಿಯಮಗಳು ಹಾಗೆಯೇ ಉಳಿದವು. ತಪ್ಪು ಸಿದ್ಧಾಂತ ಸತ್ತಿತು, ಅದು ಕಟ್ಟಿಸಿದ ಕೊಳವೆ ಮಾತ್ರ ಗೋಡೆಯ ಮೇಲೆ ಚಳಿಗೆ ಮೈಯೊಡ್ಡಿ ನಿಂತಿತು.

ಚಳಿಯ ಅಪಾಯಗಳಲ್ಲಿ ಪ್ರಾಣಾಂತಿಕವಾದುದು ಅಡುಗೆಮನೆಯಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಧ್ಯಮವರ್ಗದ ಮನೆಗಳ ಕಲ್ಲಿದ್ದಲ ಒಲೆಯ ಹಿಂದೆ ನೀರು ಕಾಯಿಸುವ ಕಬ್ಬಿಣದ ಪೆಟ್ಟಿಗೆಯೊಂದನ್ನು ಕೂರಿಸಿ, ಅಲ್ಲಿಂದ ಮೇಲಿನ ಬಿಸಿನೀರ ತೊಟ್ಟಿಗೆ ಹೋಗುವ ಮತ್ತು ಮರಳುವ ಎರಡು ಕೊಳವೆಗಳನ್ನು ಜೋಡಿಸುವ ಪದ್ಧತಿ ಹರಡಿತು. ಒಲೆ ಆರಿದ ರಾತ್ರಿಯಲ್ಲಿ ಆ ಎರಡೂ ಕೊಳವೆಗಳು ಮೇಲೆಲ್ಲೋ ಹೆಪ್ಪುಗಟ್ಟಿದರೆ, ಬೆಳಗ್ಗೆ ಕೆಲಸದ ಹುಡುಗಿ ಎಂದಿನಂತೆ ಬೆಂಕಿ ಹಚ್ಚಿದಾಗ ಆ ಪೆಟ್ಟಿಗೆ ಎಲ್ಲ ಕಡೆಯೂ ಮುಚ್ಚಿದ ಬಾಂಬಾಗುತ್ತಿತ್ತು. ಪ್ರತಿ ಕಡುಚಳಿಯಲ್ಲೂ ಅಡುಗೆಮನೆಯ ಸ್ಫೋಟದ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಿದ್ದವು. ಒಂದು ಸುರಕ್ಷತಾ ವಾಲ್ವ್, ಎಂದರೆ ಒತ್ತಡ ಮಿತಿಮೀರಿದಾಗ ತಾನಾಗಿ ತೆರೆಯುವ ಸಣ್ಣ ಬಾಯಿ, ಈ ಸಾವುಗಳನ್ನು ತಡೆಯಬಹುದಾಗಿತ್ತು. ಆದರೆ ಕಾರ್ಖಾನೆಗಳ ಬಾಯ್ಲರ್ ಸ್ಫೋಟಗಳ ತನಿಖೆಗಾಗಿ ಬಂದ 1882ರ ಕಾಯಿದೆ ಗೃಹಬಳಕೆಯ ಬಾಯ್ಲರುಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿತು. ಇಂಗ್ಲಿಷರು ತಮ್ಮ ಮನೆಯನ್ನು ಸರಕಾರದ ಕಣ್ಣಿನಿಂದ ಕಾಪಾಡಿಕೊಂಡಷ್ಟು ಶ್ರದ್ಧೆಯಿಂದ ಒಲೆಯಿಂದ ಕಾಪಾಡಿಕೊಳ್ಳಲಿಲ್ಲ ಎಂದರೆ ಅತಿಶಯೋಕ್ತಿಯಾಗದು.

1895ರ ಫೆಬ್ರವರಿ ಈ ಎಲ್ಲ ದೌರ್ಬಲ್ಯಗಳನ್ನೂ ಒಟ್ಟಿಗೆ ಬಯಲಿಗೆಳೆಯಿತು. ಆ ತಿಂಗಳ 11ರಂದು ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ ಮೈನಸ್ 27.2 ಡಿಗ್ರಿ ದಾಖಲಾಯಿತು. ಬ್ರಿಟನ್ನಿನ ಕನಿಷ್ಠ ಉಷ್ಣತೆಯ ದಾಖಲೆಯಾಗಿ ಅದು ಮುಂದೆ ಸರಿಗಟ್ಟಲ್ಪಟ್ಟಿತೇ ಹೊರತು ಇಂದಿಗೂ ಮುರಿದಿಲ್ಲ. ಲಂಡನ್ನಿನಲ್ಲಿ ಥೇಮ್ಸ್ ನದಿಯ ತುಂಬ ಮಂಜಿನ ಹಾಸುಗಳು ತೇಲಿದವು. ಚಳಿ ನೆಲದೊಳಗೆ ದಿನದಿನಕ್ಕೂ ಆಳಕ್ಕಿಳಿದು, ಮನೆಗಳ ಸೀಸದ ಕೊಳವೆಗಳನ್ನಷ್ಟೇ ಅಲ್ಲದೆ ಸಾಕಷ್ಟು ಆಳದಲ್ಲಿ ಹೂಳದಿದ್ದ ಬೀದಿಯ ಮುಖ್ಯ ಕೊಳವೆಗಳನ್ನೂ ಹಿಡಿಯಿತು. ಕಂಪನಿಗಳು ಬೀದಿಬೀದಿಗಳಲ್ಲಿ ನೆಟ್ಟ ತಾತ್ಕಾಲಿಕ ನಲ್ಲಿಕಂಬಗಳ ಮುಂದೆ ಬಕೆಟ್ಟು, ಜಗ್ಗು, ಕೆಟಲುಗಳನ್ನು ಹಿಡಿದ ಸಾಲುಗಳು ನಿಂತವು. ಚೆಲ್ಲಿದ ನೀರು ಕಾಲಡಿಯಲ್ಲೇ ಗಡ್ಡೆಯಾಗುತ್ತಿತ್ತು. ಗಾಳಿ ಬೆಚ್ಚಗಾದ ಮೇಲೂ ನೆಲದೊಳಗಿನ ಗಡ್ಡೆ ಬೇಗ ಕರಗದೆ, ಬಿಸಿಲು ಬಂದರೂ ನೀರು ಬಾರದ ವಾರಗಳು ಕಳೆದವು. ತೊಟ್ಟಿಗಳನ್ನು ಕಿತ್ತುಹಾಕಿದ್ದ ಪೂರ್ವ ಲಂಡನ್ನಿನ ಬಡಕೇರಿಗಳಿಗೆ ಬಿದ್ದ ಪೆಟ್ಟು ಎಲ್ಲಕ್ಕಿಂತ ದೊಡ್ಡದು. ಅದೇ ವರ್ಷದ ಬೇಸಿಗೆಯಲ್ಲಿ, ಮತ್ತೆ 1896 ಹಾಗೂ 1898ರಲ್ಲಿ, ಅದೇ ಕೇರಿಗಳು ಬರದಿಂದಲೂ ನೀರಿಲ್ಲದೆ ಬಳಲಿದವು. ಕಂಪನಿಗಳು ತೊಟ್ಟಿಯಿಲ್ಲದ ಮನೆಗಳನ್ನು ದೂರಿದವು, ಜನ ಕಂಪನಿಗಳನ್ನು ದೂರಿದರು. ಕೊನೆಗೆ 1902ರ ಕಾಯಿದೆಯ ಮೂಲಕ ಎಂಟು ಖಾಸಗಿ ಕಂಪನಿಗಳ ಕೆಲಸವನ್ನು ಮೆಟ್ರೊಪಾಲಿಟನ್ ವಾಟರ್ ಬೋರ್ಡ್ ಎಂಬ ಸಾರ್ವಜನಿಕ ಮಂಡಳಿಗೆ ಒಪ್ಪಿಸಲು ತೀರ್ಮಾನವಾಗಿ, 1904ರಲ್ಲಿ ಅದು ಕೈಗೂಡಿತು. ಒಂದು ಚಳಿಗಾಲದಿಂದಲೇ ಇದಾಯಿತೆನ್ನುವುದು ಸಲ್ಲದು. ಆದರೆ ಖಾಸಗಿ ಪೂರೈಕೆಯ ವಿರುದ್ಧದ ವಾದಕ್ಕೆ ಆ ನಲ್ಲಿಕಂಬಗಳ ಸಾಲಿನಷ್ಟು ಬಲ ಕೊಟ್ಟ ದೃಶ್ಯಗಳು ಹೆಚ್ಚಿರಲಿಲ್ಲ. ಕೊಳವೆಯ ಮೇಲೆ ಕನಿಷ್ಠ ಎರಡೂವರೆ ಅಡಿ ಮಣ್ಣಿರಬೇಕೆಂಬ ನಿಯಮ ಅನಂತರ ಬೇರೂರಿತು. ಇಂದಿನ ಬ್ರಿಟಿಷ್ ನಿಯಮದಲ್ಲಿಯೂ ಅದು 750 ಮಿಲಿಮೀಟರ್ ಆಗಿ ಉಳಿದಿದೆ.

ಇದೇ 1890ರ ದಶಕದಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆಯ ನೀರು ಬರುವ ಏರ್ಪಾಡಾಯಿತು ಎಂಬುದನ್ನು ಇಲ್ಲಿ ನೆನೆಯಬಹುದು. ತಂತ್ರಜ್ಞಾನ ಅದೇ, ಸಮಸ್ಯೆ ಮಾತ್ರ ಬರಲಿಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಕನಿಷ್ಠ ಉಷ್ಣತೆ 1884ರ ಜನವರಿಯ 7.8 ಡಿಗ್ರಿ. ಕೊಳವೆಯನ್ನು ಹೊರಗೋಡೆಯ ಮೇಲೆ ಹಾಯಿಸಿ, ಟ್ಯಾಂಕನ್ನು ತಾರಸಿಯ ಮೇಲೆ ಬಯಲಿಗಿಡುವ ಪದ್ಧತಿ ಕರ್ನಾಟಕದಲ್ಲಿ ಯಾವ ಕೇಡೂ ಇಲ್ಲದೆ ನಡೆದುಬಂದಿದೆ. ಲಂಡನ್ನಿನಲ್ಲಿ ಅದೇ ಪದ್ಧತಿ ದುಬಾರಿಯಾಯಿತು.

ಮನೆಯವರಿಗೆ ಕೊಡಲಾಗುತ್ತಿದ್ದ ಸಲಹೆಗಳತ್ತ ನೋಡಿದರೆ, 1880ರ ದಶಕದಿಂದ 1960ರ ದಶಕದವರೆಗೆ ಅವು ಹೆಚ್ಚು ಬದಲಾಗಿಲ್ಲ. ಮೊದಲನೆಯದು ಹೊದಿಕೆ: ಹುಲ್ಲು, ಮರದ ಹೊಟ್ಟು, ಗೋಣಿತಟ್ಟು, ಕೂದಲಿನ ಕಂಬಳಿ, ಮುಂದೆ ಕಲ್ನಾರು, ಅದರ ಅಪಾಯ ಗೊತ್ತಾದ ಮೇಲೆ ಗಾಜಿನ ಎಳೆ ಮತ್ತು ಪ್ಲಾಸ್ಟಿಕ್ ನೊರೆ. ಹೊದಿಕೆ ಶಾಖವನ್ನು ಹುಟ್ಟಿಸುವುದಿಲ್ಲ, ಇರುವುದು ಹೋಗುವುದನ್ನು ನಿಧಾನಿಸುತ್ತದೆ ಅಷ್ಟೆ ಎಂಬುದನ್ನು ಕೈಪಿಡಿಗಳು ಹೇಳಿದರೂ ಓದಿದವರು ಮರೆತರು. ವಾರವಿಡೀ ಬೆಂಕಿಯಿಲ್ಲದ ಮನೆಯಲ್ಲಿ ಎಷ್ಟು ಸುತ್ತಿದ ಕೊಳವೆಯೂ ಕೊನೆಗೆ ಹೆಪ್ಪುಗಟ್ಟುತ್ತದೆ. ಎರಡನೆಯದು, ಮನೆಗೆ ನೀರು ಬರುವಲ್ಲಿರುವ ಸ್ಟಾಪ್‌ಕಾಕ್, ಎಂದರೆ ಇಡೀ ಮನೆಯ ನೀರನ್ನು ಒಮ್ಮೆಲೇ ನಿಲ್ಲಿಸುವ ಕವಾಟ, ಎಲ್ಲಿದೆಯೆಂದು ತಿಳಿದಿರಬೇಕು ಮತ್ತು ಅದು ತಿರುಗಬೇಕು. ವರ್ಷಗಟ್ಟಲೆ ಮುಟ್ಟದೆ ತುಕ್ಕುಹಿಡಿದ ಕವಾಟ ಬೇಕಾದ ಹೊತ್ತಿನಲ್ಲಿ ಕದಲದೆ ಹೋದುದರಿಂದ ಹಾಳಾದ ಮಾಳಿಗೆಗಳು ಕೊಳವೆಯ ದೋಷದಿಂದ ಹಾಳಾದವುಗಳಿಗಿಂತ ಕಡಿಮೆಯಿರಲಾರವು.

ಮೂರನೆಯ ಸಲಹೆಯಲ್ಲಿ ಎರಡು ದೇಶಗಳು ಬೇರೆಯಾದವು. ಅಮೆರಿಕದಲ್ಲಿ ಕಡುಚಳಿಯ ರಾತ್ರಿ ನಲ್ಲಿಯನ್ನು ತೊಟ್ಟಿಕ್ಕುವಷ್ಟು ತೆರೆದಿಡಿ ಎಂಬುದು ರೂಢಿಯ ಮಾತು. ಬಿರಡೆಗೂ ನಲ್ಲಿಗೂ ನಡುವಿನ ಒತ್ತಡಕ್ಕೆ ಹಾಗೆ ದಾರಿ ಸಿಗುವುದರಿಂದ ಅದರಲ್ಲಿ ಅರ್ಥವಿದೆ. ಬ್ರಿಟನ್ನಿನಲ್ಲಿ ಇದಕ್ಕೆ ವಿರುದ್ಧವಾಗಿ, ಚಳಿಗಾಲಕ್ಕೆ ಮೊದಲೇ ನಲ್ಲಿಗಳ ವಾಷರ್ ಬದಲಾಯಿಸಿ ಒಂದು ಹನಿಯೂ ತೊಟ್ಟಿಕ್ಕದಂತೆ ಮಾಡಿ ಎಂದರು. ಇದಕ್ಕೆ ನೀರು ಪೋಲಾಗುವುದರ ಬಗ್ಗೆ ಕಂಪನಿಗಳಿಗಿದ್ದ ಜಿಪುಣತನವೊಂದೇ ಕಾರಣವಲ್ಲ. ಹನಿಹನಿಯಾಗಿ ಜಿನುಗುವ ನೀರು ಹೊರಗೋಡೆಯ ಬಚ್ಚಲ ಕೊಳವೆಗೆ ಹೋಗಿ, ಅದರ ಒಳಮೈಗೆ ಪದರಪದರವಾಗಿ ಹೆಪ್ಪುಗಟ್ಟಿ, ಬೆಳಗಾಗುವುದರೊಳಗೆ ಕೊಳವೆಯ ಬಾಯಿಯನ್ನೇ ಮುಚ್ಚುತ್ತಿತ್ತು. ನೀರು ತರುವ ಕೊಳವೆಯನ್ನು ಉಳಿಸುವ ಉಪಾಯವೇ ನೀರು ಬಿಡುವ ಕೊಳವೆಯನ್ನು ಕೆಡಿಸುವಂತಿದ್ದದ್ದು ಹೊರಗೋಡೆಯ ಪದ್ಧತಿಯ ವಿಶೇಷ.

ಕಾರ್ಮಿಕರ ಸಾಲುಮನೆಗಳಲ್ಲಿ ಶೌಚಗೃಹ ಹಿತ್ತಲಿನ ತುದಿಯಲ್ಲಿದ್ದುದರಿಂದ ಅಲ್ಲಿಯ ನೀರಿನ ಪೆಟ್ಟಿಗೆ ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತಿತ್ತು. ಅದಕ್ಕೆ ಸಣ್ಣದೊಂದು ಸೀಮೆಎಣ್ಣೆಯ ದೀಪವನ್ನು ಪೆಟ್ಟಿಗೆಯ ಕೆಳಗೆ ತೂಗುಹಾಕಿಯೋ, ಮೇಣದಬತ್ತಿಯ ಮೇಲೆ ಮಣ್ಣಿನ ಹೂಕುಂಡವನ್ನು ಬೋರಲು ಹಾಕಿಯೋ ರಾತ್ರಿಯಿಡೀ ಶಾಖವಿರುವಂತೆ ನೋಡಿಕೊಳ್ಳುತ್ತಿದ್ದರು. ಇಂಥ ದೀಪಗಳು ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಹಾರ್ಡ್‌ವೇರ್ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಹೆಪ್ಪುಗಟ್ಟಿದ ಮೇಲೆ ಕರಗಿಸುವ ಉಪಾಯಗಳಲ್ಲಿ ಬಿಸಿನೀರಲ್ಲಿ ಅದ್ದಿದ ಬಟ್ಟೆ ನಿರಪಾಯವಾದುದು. ಆದರೆ ಅವಸರದವರು ಬೆಸುಗೆಯ ಬ್ಲೋಲ್ಯಾಂಪನ್ನೇ ಅಟ್ಟಕ್ಕೆ ಒಯ್ದು, ಒಣಗಿದ ತೊಲೆಗಳ ನಡುವೆ ಉರಿಸಿ, ನೀರಿನ ತೊಂದರೆಯನ್ನು ಬೆಂಕಿಯ ತೊಂದರೆಯನ್ನಾಗಿ ಮಾಡಿಕೊಂಡ ಪ್ರಸಂಗಗಳಿಗೆ ಕೊರತೆಯಿಲ್ಲ.

1947ರ ಚಳಿಗಾಲ ಮುಂಜಾಗ್ರತೆಯ ಮಿತಿಯನ್ನು ತೋರಿಸಿತು. ಜನವರಿಯ ಕೊನೆಯ ವಾರದಿಂದ ಮಾರ್ಚ್‌ ನಡುವಿನವರೆಗೆ ಹಿಮ ಬಿಡಲಿಲ್ಲ. ಮಧ್ಯ ಇಂಗ್ಲೆಂಡಿನ ಫೆಬ್ರವರಿಯ ಸರಾಸರಿ ಉಷ್ಣತೆ ಮೈನಸ್ 1.9 ಡಿಗ್ರಿಗೆ ಇಳಿಯಿತು. ಯುದ್ಧದಿಂದ ಬಳಲಿದ ದೇಶದಲ್ಲಿ ಕಲ್ಲಿದ್ದಲು ಗಣಿಯ ಬಾಯಲ್ಲೇ ಹಿಮದಡಿ ಸಿಕ್ಕಿಕೊಂಡು, ಇಂಧನ ಸಚಿವ ಎಮಾನ್ಯುಯೆಲ್ ಶಿನ್‌ವೆಲ್ ಮನೆಗಳ ವಿದ್ಯುತ್ತನ್ನು ದಿನದ ಹಲವು ಗಂಟೆ ಕಡಿತಗೊಳಿಸಬೇಕಾಯಿತು. ಮನೆಯನ್ನು ಬೆಚ್ಚಗಿಡಿ ಎಂಬುದು ಕೊಳವೆ ಕಾಪಾಡುವ ಸಲಹೆಗಳಲ್ಲಿ ತಲೆಯಂಥದ್ದು. ಉರಿಸಲು ಕಲ್ಲಿದ್ದಲೇ ಇಲ್ಲದವರಿಗೆ ಆ ಸಲಹೆ ಕೇವಲ ಮಾತಾಗಿ ಉಳಿಯಿತು.

ಅನಂತರದ ದೊಡ್ಡ ಚಳಿ 1962ರ ಡಿಸೆಂಬರಿನ ಕೊನೆಯಲ್ಲಿ ಹಿಡಿದು 1963ರ ಮಾರ್ಚ್‌ ಮೊದಲ ವಾರದವರೆಗೆ ನಡೆಯಿತು. 1740ರ ನಂತರ ಅಷ್ಟು ಚಳಿಯ ಚಳಿಗಾಲ ಮಧ್ಯ ಇಂಗ್ಲೆಂಡಿನಲ್ಲಿ ಬಂದಿರಲಿಲ್ಲ. ಜನವರಿಯ ಸರಾಸರಿಯೇ ಮೈನಸ್ 2.1 ಡಿಗ್ರಿ. ಬೀದಿಯ ನಲ್ಲಿಕಂಬಗಳೂ ನೀರಿನ ಗಾಡಿಗಳೂ ಮತ್ತೆ ಬಂದವು. ಈ ಚಳಿಗಾಲದ ಮನೆಯೊಳಗಿನ ಅನುಭವಕ್ಕೆ ಒಂದು ಅಪೂರ್ವವಾದ ಸಾಹಿತ್ಯಿಕ ಸಾಕ್ಷ್ಯವಿದೆ. ಎರಡು ಎಳೆಯ ಮಕ್ಕಳೊಂದಿಗೆ ಲಂಡನ್ನಿನ ಫಿಟ್ಸ್‌ರಾಯ್ ರಸ್ತೆಯ ಮನೆಯಲ್ಲಿ ಆಗತಾನೆ ನೆಲೆಸಿದ್ದ ಅಮೆರಿಕನ್ ಕವಿ ಸಿಲ್ವಿಯಾ ಪ್ಲಾತ್, ತಮ್ಮ ಕೊನೆಯ ವಾರಗಳಲ್ಲಿ ‘ಸ್ನೋ ಬ್ಲಿಟ್ಸ್’ ಎಂಬ ಗದ್ಯಲೇಖನವನ್ನು ಬರೆದರು. ಅದು ಅವರ ಮರಣಾನಂತರ ಸಂಕಲನದಲ್ಲಿ ಸೇರಿತು. ಬಚ್ಚಲ ತೊಟ್ಟಿಯಲ್ಲಿ ಹೊರಗೆ ಹೋಗಲಾರದೆ ನಿಂತ ಕೊಳಕು ನೀರು, ಹೆಪ್ಪುಗಟ್ಟಿದ ಕೊಳವೆ, ಸಿಗದ ಕೆಲಸಗಾರ, ಕಡಿತಗೊಂಡ ವಿದ್ಯುತ್ತು ಇವೆಲ್ಲ ಅದರಲ್ಲಿ ಕಹಿಹಾಸ್ಯದ ಧಾಟಿಯಲ್ಲಿ ಬರುತ್ತವೆ. ಕಠಿಣ ಚಳಿಗಾಲದ ನ್ಯೂ ಇಂಗ್ಲೆಂಡಿನಲ್ಲಿ ಬೆಳೆದವರಿಗೆ ಬೆರಗುಗೊಳಿಸಿದ್ದು ಹಿಮವಲ್ಲ, ಹಿಮಕ್ಕೆ ಈ ಮನೆಗಳು ಕಿಂಚಿತ್ತೂ ಸಿದ್ಧವಿಲ್ಲದಿದ್ದುದು. ಮನೆಗೊಳವೆಯ ಚರಿತ್ರಕಾರರು ನೂರು ಪುಟಗಳಲ್ಲಿ ಹೇಳಬೇಕಾದುದನ್ನು ಹೊರಗಿನಿಂದ ಬಂದ ಕಣ್ಣು ಕೆಲವೇ ಪುಟಗಳಲ್ಲಿ ಹಿಡಿದಿದೆ.

ಇಷ್ಟಾದ ಮೇಲೆ ನಿಯಮ ಬದಲಾಯಿತು. ನೀರು ಬಿಡುವ ಎಲ್ಲ ಕೊಳವೆಗಳನ್ನೂ ಒಂದೇ ಲಂಬ ಕೊಳವೆಗೆ ಸೇರಿಸಿ, ದುರ್ಗಂಧದ ಭಯವಿಲ್ಲದೆ ಮನೆಯೊಳಗೇ ಇಳಿಸಬಹುದೆಂದು ಕಟ್ಟಡ ಸಂಶೋಧಕರು ಯುದ್ಧಾನಂತರದ ವರ್ಷಗಳಲ್ಲಿ ತೋರಿಸಿದ್ದರು; 1965ರ ಕಟ್ಟಡ ನಿಯಮಗಳು ಹೊಸ ಮನೆಗಳಲ್ಲಿ ಶೌಚ ಹಾಗೂ ಬಚ್ಚಲ ಕೊಳವೆಗಳು ಒಳಗೇ ಇರಬೇಕೆಂದು ವಿಧಿಸಿದವು. ತೊಂಬತ್ತು ವರ್ಷ ಹಿಂದೆ ಆರೋಗ್ಯದ ಹೆಸರಿನಲ್ಲಿ ಹೊರಗೆ ಹಾಕಿದ್ದನ್ನು ಇನ್ನೊಂದು ನಿಯಮ ಒಳಗೆ ಕರೆಯಿತು. ಕೇಂದ್ರೀಯ ಬಿಸಿವ್ಯವಸ್ಥೆ ಹರಡಿದಂತೆ ಒಳಗಿನ ಕೊಳವೆಗಳು ಹೆಪ್ಪುಗಟ್ಟುವುದೂ ಕಡಿಮೆಯಾಯಿತು. ಆದರೆ ಸುಧಾರಣೆಗಳೇ ಹೊಸ ದೌರ್ಬಲ್ಯಗಳನ್ನು ತರುತ್ತಿದ್ದವು. ಇಂಧನ ಉಳಿಸಲು 1978ರ ಕಾಯಿದೆಯಡಿ ಅಟ್ಟದ ನೆಲಕ್ಕೆ ಹೊದಿಕೆ ಹಾಸಲು ಸಹಾಯಧನ ಕೊಟ್ಟಾಗ, ಕೆಳಗಿನ ಕೋಣೆಗಳಿಂದ ಸೋರಿ ಬಂದು ಅಟ್ಟವನ್ನು ಅಷ್ಟಿಷ್ಟು ಬೆಚ್ಚಗಿಡುತ್ತಿದ್ದ ಶಾಖ ನಿಂತುಹೋಗಿ, ಅಲ್ಲಿದ್ದ ನೀರಿನ ತೊಟ್ಟಿ ಮತ್ತು ಕೊಳವೆಗಳು ಮೊದಲಿಗಿಂತ ಹೆಚ್ಚು ತಣ್ಣಗಾದವು. ತೊಟ್ಟಿಯ ಮೇಲೂ ಸುತ್ತಲೂ ಹೊದಿಸಿ, ಅಡಿಯಲ್ಲಿ ಮಾತ್ರ ಹಾಸಬೇಡಿ ಎಂಬ, ಮೊದಲ ಸಲ ಕೇಳಿದವರಿಗೆ ತಲೆಕೆಳಗಾಗಿ ಕಾಣುವ ಸೂಚನೆಯ ಹಿನ್ನೆಲೆ ಇದು.

ವಿಮೆ ಇನ್ನೊಂದು ಬಗೆಯ ನಿಯಮವನ್ನು ತಂದಿತು. ಚಳಿಗಾಲದಲ್ಲಿ ಮನೆ ಖಾಲಿಯಿದ್ದರೆ ಬಿಸಿವ್ಯವಸ್ಥೆಯನ್ನು ಕನಿಷ್ಠ ಮಟ್ಟದಲ್ಲಾದರೂ ಚಾಲೂ ಇಡಬೇಕು, ಇಲ್ಲವೇ ನೀರನ್ನೆಲ್ಲ ಖಾಲಿ ಮಾಡಿಹೋಗಬೇಕು ಎಂಬ ಷರತ್ತು ಅನೇಕ ಪಾಲಿಸಿಗಳಲ್ಲಿದೆ. ಅದನ್ನು ಪಾಲಿಸದಿದ್ದರೆ ಪರಿಹಾರ ಸಿಗದೆ ಹೋಗಬಹುದು. ಡಿಸೆಂಬರಿನ ರಜೆಗೆ ಬೆಂಗಳೂರು, ಮೈಸೂರಿಗೆ ಬರುವ ಬ್ರಿಟನ್ನಿನ ಕನ್ನಡಿಗರು, ಊರಿಗೆ ಹೊರಡುವಾಗ ಗ್ಯಾಸು, ಕರೆಂಟು ಎಲ್ಲ ಆರಿಸಿ ಬೀಗ ಹಾಕುವ ತವರಿನ ಅಭ್ಯಾಸವನ್ನು ಅಲ್ಲಿ ಬಿಡಬೇಕಾಗುವುದು ಇದೇ ಕಾರಣಕ್ಕೆ.

2010ರ ಡಿಸೆಂಬರ್‌ ಈ ಚರಿತ್ರೆ ಮುಗಿದಿಲ್ಲವೆಂದು ನೆನಪಿಸಿತು. ಉತ್ತರ ಐರ್ಲೆಂಡಿನಲ್ಲಿ ಉಷ್ಣತೆ ಮೈನಸ್ 18 ಡಿಗ್ರಿಗೂ ಕೆಳಗಿಳಿದು, ಹಿಮ ಕರಗಿದಾಗ ಖಾಲಿ ಮನೆಗಳ, ಮುಚ್ಚಿದ ಕಚೇರಿಗಳ ಒಡೆದ ಕೊಳವೆಗಳಿಂದ ಹರಿದುಹೋದ ನೀರಿಗೆ ಜಲಾಶಯಗಳೇ ಬರಿದಾಗತೊಡಗಿ, ಹತ್ತಾರು ಸಾವಿರ ಮನೆಗಳಿಗೆ ದಿನಗಟ್ಟಲೆ ನೀರಿಲ್ಲದಾಯಿತು. ಒಂದೊಂದು ಮನೆಯ ಅಲಕ್ಷ್ಯ ಸೇರಿ ಒಂದು ಪ್ರಾಂತ್ಯದ ಬಿಕ್ಕಟ್ಟಾದ ಸ್ಪಷ್ಟ ಉದಾಹರಣೆಯಿದು. ಇಂಗ್ಲೆಂಡಿನಲ್ಲಿ ಅದೇ ತಿಂಗಳು ಬೇರೊಂದು ದೋಷ ಕಂಡಿತು. ಇಂಧನ ಕಡಿಮೆ ಸುಡುವ, ಹೊಗೆಯಲ್ಲಿನ ಆವಿಯನ್ನು ತಣಿಸಿ ಅದರ ಶಾಖವನ್ನೂ ಬಳಸಿಕೊಳ್ಳುವ ಬಾಯ್ಲರುಗಳನ್ನು 2005ರಿಂದ ಸರಕಾರ ಬಹುಮಟ್ಟಿಗೆ ಕಡ್ಡಾಯ ಮಾಡಿತ್ತು. ತಣಿದ ಆವಿಯ ನೀರು ಹನಿಹನಿಯಾಗಿ ಹೊರಹೋಗಲು ಬೆರಳಗಾತ್ರದ ಪ್ಲಾಸ್ಟಿಕ್ ಕೊಳವೆಯೊಂದನ್ನು ಕೆಲಸಗಾರರು ಹೊರಗೋಡೆಯ ಮೇಲೆ ಹಾಯಿಸಿದ್ದರು. ಜಿನುಗುವ ನೀರು, ಹೊರಗೋಡೆ, ಕಿರಿದಾದ ಕೊಳವೆ: ವಿಕ್ಟೋರಿಯನ್ ಬಚ್ಚಲ ಕೊಳವೆಯ ಪಾಠವನ್ನು ಯಾರೂ ಓದಿರಲಿಲ್ಲ. ಕೊಳವೆ ಹೆಪ್ಪುಗಟ್ಟಿದ ಕೂಡಲೇ ಬಾಯ್ಲರ್ ತನ್ನ ರಕ್ಷಣೆಗಾಗಿ ತಾನೇ ನಿಲ್ಲುತ್ತಿತ್ತು, ಅದೂ ವರ್ಷದ ಅತಿ ಚಳಿಯ ರಾತ್ರಿಯಲ್ಲಿ. ಮನೆಯವರು ಕೆಟಲಿನಲ್ಲಿ ನೀರು ಕಾಯಿಸಿ ಹೊರಗೋಡೆಗೆ ಸುರಿದರು. ಅನಂತರದ ಮಾರ್ಗಸೂಚಿಗಳು ಆ ಕೊಳವೆಯನ್ನು ಆದಷ್ಟು ಒಳಗೇ ಮುಗಿಸಬೇಕು, ಹೊರಗೆ ಹಾಯಲೇಬೇಕಾದರೆ ಅಗಲವಾದ, ಹೊದಿಕೆಯಿರುವ ಕೊಳವೆ ಹಾಕಬೇಕು ಎಂದವು.

ಈಗ ಬಾಯ್ಲರಿನ ಜಾಗಕ್ಕೆ ಹೊರಗಿನ ಗಾಳಿಯಿಂದ ಶಾಖ ಹೀರಿ ಮನೆಗೆ ಕೊಡುವ ಹೀಟ್ ಪಂಪುಗಳು ಬರುತ್ತಿವೆ. ಅವುಗಳಲ್ಲಿ ಹೆಚ್ಚು ಬಳಕೆಯ ಬಗೆಯಲ್ಲಿ ಮನೆಯ ಬಿಸಿವ್ಯವಸ್ಥೆಯ ನೀರೇ ಗೋಡೆ ದಾಟಿ ಹೊರಗಿನ ಯಂತ್ರಕ್ಕೆ ಹೋಗಿ ಮರಳುತ್ತದೆ. ಯಂತ್ರ ಓಡುತ್ತಿರುವಷ್ಟು ಹೊತ್ತು ಭಯವಿಲ್ಲ, ಚಳಿಯ ರಾತ್ರಿ ವಿದ್ಯುತ್ತು ಹೋದರೆ ಆ ನೀರು ನಿಂತಲ್ಲೇ ಹೆಪ್ಪುಗಟ್ಟಿ ಯಂತ್ರದ ಒಡಲನ್ನೇ ಒಡೆಯಬಹುದು. ಇದಕ್ಕೆ ನೀರಿನಲ್ಲಿ ಹೆಪ್ಪುರೋಧಕ ದ್ರವ ಬೆರೆಸುವುದು ಒಂದು ದಾರಿ. ಇನ್ನೊಂದು, ಕೊಳವೆಯ ತಗ್ಗಿನ ಜಾಗದಲ್ಲಿ ಕೂರಿಸುವ ಸಣ್ಣ ಹಿತ್ತಾಳೆಯ ವಾಲ್ವ್: ಒಳಗಿನ ನೀರು ಸುಮಾರು 3 ಡಿಗ್ರಿಗೆ ಇಳಿದಾಗ ಅದು ವಿದ್ಯುತ್ತಿನ ಹಂಗಿಲ್ಲದೆ ತಾನಾಗಿ ತೆರೆದುಕೊಂಡು ನೀರನ್ನು ನೆಲಕ್ಕೆ ಚೆಲ್ಲುತ್ತದೆ. ಯಂತ್ರ ಉಳಿಯುತ್ತದೆ, ವಿದ್ಯುತ್ತು ಮರಳಿದ ಮೇಲೆ ವ್ಯವಸ್ಥೆಗೆ ಮತ್ತೆ ನೀರು ತುಂಬುವವರೆಗೆ ಮನೆ ತಣ್ಣಗೇ ಇರುತ್ತದೆ, ಮತ್ತು ತುಂಬುವ ಕೆಲಸ ಈಗಲೂ ಮನೆಯವರದ್ದೇ.